ಬಟನ್ ಒತ್ತಿದರೆ ವಾಕಿಟಾಕಿ ಆಫ್!

ಪ್ರಶ್ನೆ: ನನ್ನ ವಾಕಿಟಾಕಿಯಲ್ಲಿ ಬೇರೆಯವರ ಮಾತು ಚೆನ್ನಾಗಿ ಕೇಳುತ್ತದೆ. ನಾನು ಮಾತಾಡಲು ಬಟನ್ ಒತ್ತಿದ ಕೂಡಲೇ ಸೆಟ್ ಆಫ್ ಆಗುತ್ತದೆ. ಬೋರ್ಡೇ ಹೋಗಿದೆಯಾ?

ಉತ್ತರ: ಸುಮ್ನೆ ಬೋರ್ಡ್ ಬಿಚ್ಚಬೇಡಿ, ಮೊದಲು ಬ್ಯಾಟರಿ ನೋಡಿ. ಮಾತು ಕೇಳುವಾಗ ಸೆಟ್‌ಗೆ ಸ್ವಲ್ಪ ಕರೆಂಟ್ ಸಾಕು, ಕಳಿಸುವಾಗ ಹಲವು ಪಟ್ಟು ಜಾಸ್ತಿ ಬೇಕು. 7.4 ವೋಲ್ಟಿನ ಲಿಥಿಯಂ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ ಮೀಟರಿನಲ್ಲಿ 8.4 ತೋರಿಸುತ್ತದೆ, ಹಳೆಯದಾದರೂ ಹೆಚ್ಚುಕಡಿಮೆ ಅಷ್ಟೇ ತೋರಿಸಿ ನಮ್ಮನ್ನು ಯಾಮಾರಿಸುತ್ತದೆ, ಬಟನ್ ಒತ್ತಿದಾಗಲೇ ಅದರ ಬಂಡವಾಳ ಬಯಲಾಗುವುದು! ಚಾರ್ಜ್ ಆದ ಬೇರೆ ಬ್ಯಾಟರಿ ಹಾಕಿ ನೋಡಿ. ಆಗಲೂ ಆಫ್ ಆದರೆ ಸೆಟ್‌ನ ಹಿಂಬದಿಯ ಲೋಹದ ಪಿನ್‌ಗಳಲ್ಲಿ ಹಸಿರು ಕಿಲುಬು ಕಟ್ಟಿದೆಯಾ ನೋಡಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಇಯರ್‌ಬಡ್‌ನಿಂದ ಒರೆಸಿ. ಆಂಟೆನಾ ಬಿಚ್ಚಿಟ್ಟು ಮಾತ್ರ ಬಟನ್ ಒತ್ತಬೇಡಿ, ಆಗ ನಿಜವಾಗಿಯೂ ಬೋರ್ಡ್ ಹೋಗಬಹುದು.