ಎಚ್‌ಆರ್ ಮುಖ್ಯಸ್ಥರಿಗೆ ಈಗ ಎದುರಾಗಿರುವ ದೊಡ್ಡ ಸವಾಲುಗಳು ಯಾವುವು?

ಹೊಸಬರನ್ನು ಹುಡುಕುವುದೇ ದೊಡ್ಡ ಕಷ್ಟ ಅಂತ ಹಲವರು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇರುವವರ ಉತ್ಸಾಹ ಉಳಿಸಿಕೊಳ್ಳುವುದು ಅದಕ್ಕಿಂತ ಕಷ್ಟ. ಗ್ಯಾಲಪ್ ಸಂಸ್ಥೆಯ ಜಾಗತಿಕ ಸಮೀಕ್ಷೆಯಲ್ಲಿ ಮನಸ್ಸಿಟ್ಟು ಕೆಲಸ ಮಾಡುವವರ ಪ್ರಮಾಣ 2024ರಲ್ಲಿ ಶೇ 23ರಿಂದ 21ಕ್ಕೆ ಇಳಿಯಿತು, ಮ್ಯಾನೇಜರ್‌ಗಳಲ್ಲಂತೂ ಇಳಿಕೆ ಇನ್ನೂ ಜಾಸ್ತಿ, ಶೇ 30ರಿಂದ 27ಕ್ಕೆ. ಮೇಲಿನವರ ಒತ್ತಡ, ಕೆಳಗಿನವರ ದೂರು ಎರಡನ್ನೂ ಹೊರುವವರು ಇವರೇ ಅಲ್ವಾ? ಚೆನ್ನಾಗಿ ಕೋಡ್ ಬರೆದರು, ಚೆನ್ನಾಗಿ ಮಾರಿದರು ಅಂತ ಬಡ್ತಿ ಕೊಡುತ್ತಾರೆ, ಆದರೆ ಜನರನ್ನು ನಿಭಾಯಿಸುವುದು ಹೇಗೆ ಅಂತ ಎಷ್ಟೋ ಕಡೆ ಯಾರೂ ಕಲಿಸುವುದಿಲ್ಲ, ಸುಮ್ನೆ ಬಿಟ್ಟುಬಿಡುತ್ತಾರೆ. ಮೊದಲು ಸರಿಪಡಿಸಬೇಕಾದದ್ದು ಇದನ್ನೇ.

ಇನ್ನೊಂದು ಎಐ. ವಿಶ್ವ ಆರ್ಥಿಕ ವೇದಿಕೆಯ 2025ರ ವರದಿಯಲ್ಲಿ, ಈಗಿನ ಮುಖ್ಯ ಕೌಶಲಗಳಲ್ಲಿ ಶೇ 39ರಷ್ಟು 2030ರೊಳಗೆ ಬದಲಾಗುತ್ತವೆ ಅಂತ ಉದ್ಯೋಗದಾತರು ಅಂದಾಜಿಸಿದ್ದಾರೆ. ಕಲಿಸಲೇಬೇಕು. ಆದರೆ ಕಲಿಯಲು ಕೆಲಸದ ಹೊತ್ತಿನಲ್ಲೇ ಸಮಯ ಕೊಡಿ, ರಾತ್ರಿ ಮನೆಯಲ್ಲಿ ಕೂತು ಕೋರ್ಸ್ ಮುಗಿಸಿ ಅನ್ನುವುದು ನ್ಯಾಯವಲ್ಲ. ಹೊಸಬರು ಕಲಿಯುವ ಸಣ್ಣಪುಟ್ಟ ಕೆಲಸಗಳನ್ನೆಲ್ಲ ಎಐಗೆ ಒಪ್ಪಿಸಿದರೆ, ಮುಂದೆ ಅನುಭವಿಗಳು ಎಲ್ಲಿಂದ ಬರುತ್ತಾರೆ?

ಆಫೀಸಿಗೆ ಬರಬೇಕೋ ಬೇಡವೋ ಎಂಬ ಜಗಳವೂ ಇದೆ. ಕೆಲಸ ನೋಡಿಕೊಂಡು ತಂಡಗಳೇ ನಿರ್ಧರಿಸಲಿ. ಕಾರಣ ಹೇಳದೆ ಆದೇಶ ಹೊರಡಿಸಿದರೆ, ಬೇರೆ ಕಡೆ ಸುಲಭವಾಗಿ ಕೆಲಸ ಸಿಗುವ ಒಳ್ಳೆಯವರೇ ಮೊದಲು ಬಿಟ್ಟುಹೋಗುತ್ತಾರೆ.