ಬೂತ್‌ನಲ್ಲಿ ನಿಂತು ಏನು ಮಾತಾಡಲಿ?

ಪ್ರಶ್ನೆ: ಸಣ್ಣ ಕಂಪನಿಯೊಂದರಲ್ಲಿ ಬ್ಯಾಕೆಂಡ್ ಡೆವಲಪರ್ ನಾನು. ಡೇಟಾಬೇಸ್ ಎಲ್ಲಿ ನಿಧಾನವಾಗ್ತಿದೆ ಅಂತ ಹುಡುಕಿಕೊಡುವ ಟೂಲ್ ನಮ್ಮದು. ಮುಂದಿನ ತಿಂಗಳು ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರ ಬಿಐಇಸಿಯಲ್ಲಿ ನಡೆಯುವ ಡೆವಲಪರ್ ಕಾನ್ಫರೆನ್ಸಿನಲ್ಲಿ ಕಂಪನಿ ಬೂತ್ ಹಾಕ್ತಿದೆ. ಸೇಲ್ಸ್‌ನವರ ಜೊತೆ ಎರಡು ದಿನ ನಿಲ್ಲು ಅಂದಿದ್ದಾರೆ. ಅಪರಿಚಿತರ ಮುಂದೆ ನನಗೆ ಮಾತೇ ಹೊರಡಲ್ಲ. ಗೊತ್ತಿಲ್ಲದ್ದು ಕೇಳಿದರೆ ಏನು ಮಾಡಲಿ?
– ಹೆಸರು ಬೇಡ, ರಾಜಾಜಿನಗರ

ಉತ್ತರ: ಮಾತು ಕಡಿಮೆ ಇರುವವರೇ ಈ ಕೆಲಸಕ್ಕೆ ಸರಿ. ಸಮಾಧಾನಕ್ಕೆ ಹೇಳ್ತಿಲ್ಲ. ಇಂಥ ಕಾನ್ಫರೆನ್ಸಿಗೆ ಬರುವವರು ಬೂತ್ ಮುಂದೆ ನಿಂತು ಮೊದಲು ನೋಡುವುದೇ ಇಲ್ಲಿ ಕೋಡ್ ಬರೆಯೋರು ಯಾರಾದರೂ ಇದ್ದಾರಾ ಅಂತ. ಅದು ನೀವು.

‘ನಮ್ಮ ಪ್ರಾಡಕ್ಟ್ ಬಗ್ಗೆ ಕೇಳಿದ್ದೀರಾ ಸಾರ್?’ ಅಂತ ಶುರು ಮಾಡಬೇಡಿ. ‘ಇಲ್ಲ’ ಅಂದರೆ ಅಲ್ಲಿಗೆ ಮುಗೀತು. ‘ಯಾವ ಡೇಟಾಬೇಸ್ ಬಳಸ್ತೀರಿ?’ ಅನ್ನಿ. ‘ಪೋಸ್ಟ್‌ಗ್ರೆಸ್’ ಅಂತಾರೆ. ‘ಕ್ವೆರಿ ನಿಧಾನ ಆದಾಗ ಹೇಗೆ ಹಿಡೀತೀರಿ?’ (ಕ್ವೆರಿ ಅಂದರೆ ಮಾಹಿತಿ ಬೇಕೆಂದು ಡೇಟಾಬೇಸಿಗೆ ಹಾಕುವ ಪ್ರಶ್ನೆ.) ಇಷ್ಟು ಕೇಳಿ ಸುಮ್ಮನಾಗಿ. ಮಧ್ಯರಾತ್ರಿ ಎದ್ದು ಸರ್ವರ್ ನೋಡಿದವರಿಗೆ ಹೇಳಿಕೊಳ್ಳಲು ಬೇಕಾದಷ್ಟಿರುತ್ತದೆ.

ಹಿಂದೆ ನಾನೂ ಇಂಥದ್ದೇ ಟೂಲ್ ಹಿಡಿದು ನಿಂತಿದ್ದೆ. ಒಬ್ಬರು ಫೋನ್ ತೆಗೆದು ತಮ್ಮ ಕ್ವೆರಿಯನ್ನು ಡೇಟಾಬೇಸ್ ಹೇಗೆ ನಡೆಸುತ್ತದೆ ಅಂತ ತೋರಿಸುವ ಪ್ಲಾನಿನ ಸ್ಕ್ರೀನ್‌ಶಾಟನ್ನೇ ತೋರಿಸಿದರು. ದೊಡ್ಡ ಟೇಬಲ್ ಮೇಲೆ ಸೀಕ್ವೆನ್ಷಿಯಲ್ ಸ್ಕ್ಯಾನ್, ಅಂದರೆ ಸಾಲು ಸಾಲಾಗಿ ಇಡೀ ಟೇಬಲ್ಲಿನ ಹುಡುಕಾಟ, ಓಡುತ್ತಿತ್ತು. ಕ್ವೆರಿಯಲ್ಲಿ ಇಮೇಲ್ ಕಾಲಂಗೆ, ದೊಡ್ಡಕ್ಷರಗಳನ್ನು ಸಣ್ಣಕ್ಷರ ಮಾಡುವ ‘ಲೋಯರ್’ ಫಂಕ್ಷನ್ ಹಚ್ಚಿದ್ದರು, ಬೇಗ ಹುಡುಕಲು ನೆರವಾಗುವ ಇಂಡೆಕ್ಸ್ ಇದ್ದದ್ದು ಬರೀ ಕಾಲಂ ಮೇಲೆ, ಹಾಗಾಗಿ ಅದು ಉಪಯೋಗಕ್ಕೆ ಬರುತ್ತಿರಲಿಲ್ಲ. ‘ಲೋಯರ್ ಸಮೇತ ಇಂಡೆಕ್ಸ್ ಮಾಡಿ ನೋಡಿ’ ಅಂದೆ. ಅವರಿಗೆ ನಮ್ಮ ಟೂಲ್ ಬೇಕಾಗಿರಲೇ ಇಲ್ಲ. ಊಟ ಆದಮೇಲೆ ತಮ್ಮ ಟೀಮಿನ ಮೂವರನ್ನು ಕರಕೊಂಡು ಬಂದರು.

ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ, ಬರ್ಕೋತೀನಿ, ಶುಕ್ರವಾರದೊಳಗೆ ಮೇಲ್ ಮಾಡ್ತೀನಿ’ ಅನ್ನಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ನಮ್ಮ ಟೂಲ್‌ನಲ್ಲಿ ಇಲ್ಲದ ಒಂದು ಸೌಲಭ್ಯ ಇದೆಯಾ ಅಂತ ಒಬ್ಬರು ಕೇಳಿದಾಗ, ಗುಂಪಿನ ಮುಂದೆ ‘ಇದೆ ಇದೆ’ ಅಂದುಬಿಟ್ಟೆ. ಮಾರನೇ ದಿನ ಪುಣ್ಯಾತ್ಮ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟು, ‘ರಾತ್ರಿಯೆಲ್ಲಾ ಹುಡುಕಿದೆ, ಎಲ್ಲಿದೆ ತೋರಿಸಿ’ ಅಂದ.

ಡೆಮೊ ಬಗ್ಗೆ ನನ್ನದು ಒಂದೇ ಹಟ: ನೆಟ್ ನಂಬಬೇಡಿ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಹಾಲ್ ತುಂಬಾ ಜನ ಹಾಟ್‌ಸ್ಪಾಟ್ ಹಾಕಿಕೊಂಡಾಗ ಆ ಮೂರರಲ್ಲೇ ಎಲ್ಲರ ನೂಕುನುಗ್ಗಲು. ನಿಮ್ಮ ಹಾಟ್‌ಸ್ಪಾಟೂ ಅದೇ ಗುಂಪಿಗೆ ಸೇರುತ್ತದೆ. ಡೇಟಾಬೇಸ್ ಸಮೇತ ಎಲ್ಲವೂ ಲ್ಯಾಪ್‌ಟಾಪ್‌ನಲ್ಲೇ ಓಡಲಿ. ಬೇಕಂತಲೇ ಕೆಡಿಸಿದ ಕ್ವೆರಿಯೊಂದು ಇರಲಿ, ಒಂದೇ ಕಮಾಂಡಿಗೆ ಮತ್ತೆ ಮೊದಲಿನ ಸ್ಥಿತಿಗೆ ಬರುವಂತಿರಲಿ. ಎರಡು ನಿಮಿಷ ಮೀರಬಾರದು. ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ಕಿಟಕಿಯ ಅಕ್ಷರ ದೊಡ್ಡದು ಮಾಡಿ, ಹಿನ್ನೆಲೆ ಬಿಳಿ ಇಡಿ. ನಿಮಗೆ ಕಪ್ಪೇ ಇಷ್ಟವಿರಬಹುದು, ಆದರೆ ಹಾಲಿನ ದೀಪದ ಕೆಳಗೆ ಅದರಲ್ಲಿ ಕಾಣುವುದು ನಿಮ್ಮ ಮುಖವೇ.

ಮಾಮೂಲಿ ಬೂತ್ ಅಂದರೆ ಮೂರು ಮೀಟರಿಗೆ ಮೂರು ಮೀಟರ್. ಮೇಜನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಹಾಗೆ ಮುಂದೆ ಅಡ್ಡ ಹಾಕಬೇಡಿ, ಪಕ್ಕಕ್ಕೆ ಸರಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಮನೆಯಿಂದಲೇ ಒಯ್ಯಿರಿ. ನೆಲಹಾಸಿನ ಕೆಳಗಿರುವುದು ಗಟ್ಟಿ ನೆಲ, ಹೊಸ ಶೂ ಹಾಕಿ ಹೋದರೆ ಸಂಜೆ ಕುಂಟಿಕೊಂಡು ಬರ್ತೀರಿ. ಟೀ, ಊಟದ ವಿರಾಮದಲ್ಲಿ ಜನ ಬೂತ್ ಮುತ್ತಿಕೊಳ್ಳುತ್ತಾರೆ, ಕೀನೋಟ್ (ಮುಖ್ಯ ಭಾಷಣ) ಹೊತ್ತಿಗೆ ನೊಣ ಹೊಡೆಯಬೇಕು. ನೀವು ಉಣ್ಣಬೇಕಾದದ್ದು ಆವಾಗ. ರಾಜಾಜಿನಗರದವರಾದ್ದರಿಂದ ಒಂದು ಮಾತು: 2024ರ ನವೆಂಬರ್‌ನಿಂದ ಮೆಟ್ರೊದ ಹಸಿರು ಮಾರ್ಗ ಮಾದಾವರದವರೆಗೆ ಹೋಗುತ್ತದೆ, ಬಿಐಇಸಿ ಇರುವುದೂ ಅಲ್ಲೇ. ಸ್ಟ್ಯಾಂಡಿ, ಡಬ್ಬಗಳನ್ನು ಹಿಂದಿನ ದಿನವೇ ಕಳಿಸಿ ನೀವು ಮೆಟ್ರೊ ಹತ್ತಿ.

ಪ್ರಶ್ನೆ: ಬೂತ್‌ಗೆ ಬರುವ ಅರ್ಧ ಜನ ಟೀ ಶರ್ಟಿಗೇ ಬರ್ತಾರೆ. ಕಾಲೇಜು ಹುಡುಗರಂತೂ ಕೇಳಲೇಬೇಡಿ. ಅವರನ್ನು ಸಾಗಹಾಕುವುದು ಹೇಗೆ?
– ಒಬ್ಬ ಮಾರ್ಕೆಟಿಂಗ್ ಮ್ಯಾನೇಜರ್, ಬೆಂಗಳೂರು

ಉತ್ತರ: ಸಾಗಹಾಕಬೇಡಿ. ಸ್ಟಿಕ್ಕರ್ ಕೊಡಿ, ಲ್ಯಾಪ್‌ಟಾಪ್ ಮೇಲೆ ಅದು ವರ್ಷಗಟ್ಟಲೆ ಊರು ಸುತ್ತುತ್ತದೆ. ಟೀ ಶರ್ಟಿನಲ್ಲಿ ಎಕ್ಸ್‌ಎಲ್ ಒಂದೇ ತಂದು ಹುಡುಗಿಯರ ಕೈಗೆ ಗೋಣಿಚೀಲ ಕೊಟ್ಟಂತೆ ಕೊಡುವುದನ್ನು ಮಾತ್ರ ನಿಲ್ಲಿಸಿ. ಹಾಸನದಿಂದಲೋ ದಾವಣಗೆರೆಯಿಂದಲೋ ರಾತ್ರಿ ಬಸ್ಸಿನಲ್ಲಿ ಬಂದ ಹುಡುಗ ಇಂಗ್ಲಿಷಿನಲ್ಲಿ ಎರಡು ವಾಕ್ಯ ಜೋಡಿಸಿಕೊಂಡು ಬಂದಿರುತ್ತಾನೆ, ಮೂರನೆಯದಕ್ಕೆ ತಡವರಿಸುತ್ತಾನೆ. ‘ಕನ್ನಡದಲ್ಲೇ ಹೇಳಪ್ಪಾ’ ಅನ್ನಿ. ಆಮೇಲೆ ಅವನು ಕೇಳುವ ಪ್ರಶ್ನೆಗೆ ನಿಮ್ಮ ಸೇಲ್ಸ್‌ನವರಿಗೆ ಉತ್ತರ ಗೊತ್ತಿರುವುದಿಲ್ಲ.

ಪ್ರಶ್ನೆ: ಬಂದವರ ಕೊರಳಿನ ಬ್ಯಾಡ್ಜ್ ಸ್ಕ್ಯಾನ್ ಮಾಡಿ ಅವರ ವಿವರ ತಗೋಬೇಕು, ದಿನಕ್ಕೆ ಇಷ್ಟು ಆಗಲೇಬೇಕು ಅಂತ ಟಾರ್ಗೆಟ್ ಕೊಟ್ಟಿದ್ದಾರೆ. ಹಾದುಹೋಗುವವರ ಬ್ಯಾಡ್ಜಿಗೂ ಫೋನ್ ಹಿಡಿಯಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಹಿಡಿಯಬೇಡಿ. ಒಪ್ಪಿಗೆ ಮುಕ್ತವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು, ಯಾವುದಕ್ಕೆ ಅಂತ ತಿಳಿದು ಕೊಟ್ಟದ್ದಾಗಿರಬೇಕು ಎನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳೂ 2025ರ ನವೆಂಬರ್‌ನಲ್ಲಿ ಹೊರಬಂದಿವೆ, ಹಂತ ಹಂತವಾಗಿ ಜಾರಿಗೆ ಬರುತ್ತವೆ. ‘ಸ್ಕ್ಯಾನ್ ಮಾಡಿಸಿದರಷ್ಟೇ ಟೀ ಶರ್ಟ್’ ಎನ್ನುವವರು ‘ಷರತ್ತಿಲ್ಲದ್ದು’ ಎಂಬ ಪದದ ಮೇಲೆ ಸ್ವಲ್ಪ ಹೊತ್ತು ಕಣ್ಣಿಡುವುದು ಒಳ್ಳೆಯದು.

ಕಾನೂನು ಬದಿಗಿಡಿ, ಆ ಪಟ್ಟಿಯಿಂದ ಪ್ರಯೋಜನವೂ ಇಲ್ಲ. ಬ್ರಸೆಲ್ಸ್‌ನಲ್ಲಿ ನಡೆಯುವ ಓಪನ್ ಸೋರ್ಸ್ ಸಾಫ್ಟ್‌ವೇರ್ ಸಮ್ಮೇಳನ ಫಾಸ್‌ಡೆಮ್‌ಗೆ ಪ್ರತಿವರ್ಷ ಸಾವಿರಾರು ಡೆವಲಪರ್‌ಗಳು ಬರುತ್ತಾರೆ. ಅಲ್ಲಿ ನೋಂದಣಿಯೇ ಇಲ್ಲದ್ದರಿಂದ ಸ್ಕ್ಯಾನ್ ಮಾಡೋಣವೆಂದರೆ ಬ್ಯಾಡ್ಜೇ ಇರುವುದಿಲ್ಲ. ಆದರೂ ಅಲ್ಲಿನ ಮೇಜುಗಳ ಮುಂದೆ ಜನ ಕಡಿಮೆಯೇನಿಲ್ಲ. ಮಾತಾಡಿದವರನ್ನು ಕೇಳಿ ಸ್ಕ್ಯಾನ್ ಮಾಡಿ, ಅವರು ಅತ್ತ ಹೋದ ಕೂಡಲೇ ಮೂರು ಪದ ಬರೆದುಕೊಳ್ಳಿ: ‘ಪೋಸ್ಟ್‌ಗ್ರೆಸ್, ಬಿಲ್ಲಿಂಗ್ ನಿಧಾನ, ಶುಕ್ರವಾರ’. ಟಾರ್ಗೆಟ್ ಕೊಟ್ಟವರಿಗೆ ಸಂಜೆ ಎರಡು ಪಟ್ಟಿ ತೋರಿಸಿ, ಬರೀ ಹೆಸರಿನದ್ದೊಂದು, ಈ ಮೂರು ಪದದ್ದೊಂದು. ನಾಳೆ ಯಾವುದನ್ನು ಹಿಡಿದು ಫೋನ್ ಮಾಡ್ತೀರಿ ಅಂತ ಅವರನ್ನೇ ಕೇಳಿ.