ಒಂದೂವರೆ ಅಡಿ ನೀರಿನಲ್ಲೂ ಎಚ್ಚರ ಬೇಕು

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪುಟ್ಟ ಮಕ್ಕಳಿಗೆಂದು ಒಂದೂವರೆ ಅಡಿ ಆಳದ ಈಜುಕೊಳವಿದೆ. ಮೂರು ವರ್ಷದ ಮಗಳು ಅದರಲ್ಲಿ ಆಡಿ ಬಂದಾಗಲೆಲ್ಲ ಕಣ್ಣು ಕೆಂಪಾಗುತ್ತದೆ, ನೀರಿನ ಬಳಿ ಹೋದರೆ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತದೆ. ಕ್ಲೋರಿನ್ ಕಡಿಮೆ ಮಾಡಿಸುವಂತೆ ಸಂಘದವರಿಗೆ ಹೇಳಬೇಕೆ? ನೀರು ಇಷ್ಟು ಕಡಿಮೆ ಇರುವಾಗ ನಾವು ದೂರದಲ್ಲಿ ಕುಳಿತಿದ್ದರೆ ಸಾಕಲ್ಲವೆ?
– ಓದುಗರೊಬ್ಬರು, ವೈಟ್‌ಫೀಲ್ಡ್, ಬೆಂಗಳೂರು

ಉತ್ತರ: ಕ್ಲೋರಿನ್ ಕಡಿಮೆ ಮಾಡಿಸುವಂತೆ ದಯವಿಟ್ಟು ಹೇಳಬೇಡಿ. ಆ ಘಾಟು ವಾಸನೆ ಸಾಮಾನ್ಯವಾಗಿ, ಕ್ಲೋರಿನ್ ಮಕ್ಕಳ ಮೂತ್ರ ಮತ್ತು ಬೆವರಿನೊಂದಿಗೆ ಸೇರಿ ಉಂಟಾಗುವ ಕ್ಲೋರಮೈನ್‌ಗಳದು. ಕಣ್ಣು ಉರಿಸುವುದೂ ಹೆಚ್ಚಾಗಿ ಅವೇ. ರೋಗಾಣುಗಳನ್ನು ಕೊಲ್ಲಬಲ್ಲ ಕ್ಲೋರಿನ್ ಆ ನೀರಿನಲ್ಲಿ ಬಹುಶಃ ಮುಗಿಯುತ್ತ ಬಂದಿದೆ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಇಂಥ ಕೊಳದಲ್ಲಿ ಹಿಡಿಯುವುದೇ ಸುಮಾರು 5,000 ಲೀಟರ್ ನೀರು. ಅದಕ್ಕೆ ಹತ್ತು ಮಕ್ಕಳು ಇಳಿದು, ಮೇಲಿಂದ ಬಿಸಿಲೂ ಬಿದ್ದರೆ, ಬೆಳಿಗ್ಗೆ ಹಾಕಿದ ಕ್ಲೋರಿನ್ ಮಧ್ಯಾಹ್ನದವರೆಗೂ ಉಳಿಯುವ ಭರವಸೆಯಿಲ್ಲ.

ನಿರ್ವಹಣೆಯವರು ಯಾವ ಕಿಟ್‌ನಿಂದ ಪರೀಕ್ಷಿಸುತ್ತಾರೆಂದು ವಿಚಾರಿಸಿ. ಹನಿ ಬಿಟ್ಟಾಗ ನೀರು ಹಳದಿಯಾಗುವ ಅಗ್ಗದ ಕಿಟ್ ಕ್ಲೋರಮೈನ್ ಅನ್ನೂ ಸೇರಿಸಿ ಒಟ್ಟು ಕ್ಲೋರಿನ್ ತೋರಿಸುವುದರಿಂದ, ಕೆಟ್ಟ ನೀರೂ ಸರಿಯಿದ್ದಂತೆ ಕಾಣಬಹುದು. ನೀರನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುವ ಡಿಪಿಡಿ ಕಿಟ್‌ನಲ್ಲಿ ಮುಕ್ತ ಕ್ಲೋರಿನ್ ಅನ್ನು, ಅಂದರೆ ರೋಗಾಣುಗಳನ್ನು ಕೊಲ್ಲಲು ಇನ್ನೂ ಉಳಿದಿರುವ ಕ್ಲೋರಿನ್ ಅನ್ನು, ಪ್ರತ್ಯೇಕವಾಗಿ ಅಳೆಯಬಹುದು. ಅದು 1ರಿಂದ 3 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ನೀರಿನ ಆಮ್ಲ-ಕ್ಷಾರ ಮಟ್ಟ ತೋರಿಸುವ ಪಿಎಚ್ 7.2ರಿಂದ 7.8 ಇರಬೇಕು. ಬ್ಲೀಚಿಂಗ್ ಪೌಡರ್ ಹಾಕುತ್ತ ಹೋದರೆ ಪಿಎಚ್ ಏರಿ ಕ್ಲೋರಿನ್ನಿನ ಶಕ್ತಿಯೇ ಕುಗ್ಗುವುದರಿಂದ ಎರಡನ್ನೂ ನೋಡಲೇಬೇಕು.

2024ರ ಮಾರ್ಚ್‌ನಲ್ಲಿ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿದ್ದನ್ನು ಕಂಡ ನಗರದಲ್ಲಿ, ನೀರು ಬದಲಿಸಲು ಸಂಘಗಳು ಹಿಂಜರಿಯುವುದು ಸಹಜ. ಆದರೆ ಭೇದಿಯಾಗಿರುವ ಮಗು ಇಳಿದು ನೀರು ಕೆಟ್ಟಿದ್ದರೆ ಲೆಕ್ಕ ನೋಡದೆ ಕೊಳ ಖಾಲಿ ಮಾಡಿ ತೊಳೆಯಲೇಬೇಕು. ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ಜೀವಿ ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲೂ ವಾರಕ್ಕಿಂತ ಹೆಚ್ಚು ಕಾಲ ಬದುಕಬಲ್ಲದು.

ಇನ್ನು ದೂರ ಕುಳಿತುಕೊಳ್ಳುವ ಮಾತು. ಖಂಡಿತ ಸಾಲದು. ಮುಖ ಮುಳುಗುವಷ್ಟು, ಅಂದರೆ ಎರಡು ಇಂಚು ನೀರೂ ಪುಟ್ಟ ಮಗುವಿನ ಪ್ರಾಣಕ್ಕೆ ಅಪಾಯ. ಮುಳುಗುವ ಮಗು ಹೆಚ್ಚಾಗಿ ಕೂಗುವುದೂ ಇಲ್ಲ. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ದೊಡ್ಡವರೊಬ್ಬರು ಮೊಬೈಲ್ ಬದಿಗಿಟ್ಟು ನಿಂತಿರಲಿ. ತಳದಲ್ಲಿ ನೀರು ಹೀರುವ ಕಿಂಡಿಯ ಮುಚ್ಚಳ ಸಡಿಲವಾಗಿದ್ದರೆ ಅಥವಾ ಒಡೆದಿದ್ದರೆ, ಅದನ್ನು ಬದಲಿಸುವವರೆಗೆ ಯಾವ ಮಗುವನ್ನೂ ಇಳಿಸಬೇಡಿ.